ಗ್ರಾಫಿಕ್ಸ್ ಡ್ರೈವರ್‌ನ ಭದ್ರತಾ ಲೋಪ ಮುಚ್ಚುವ ಕ್ರಮ: ಅಪ್‌ಡೇಟ್ ಹಾಕಿದ ಮೇಲೂ ಹಳೇ ಡ್ರೈವರೇ ಉಳಿಯದಂತೆ

ದಾವಣಗೆರೆಯ ಫೋಟೊ ಸ್ಟುಡಿಯೊ, ಫ್ಲೆಕ್ಸ್ ಅಂಗಡಿ, ಡಿಟಿಪಿ ಸೆಂಟರ್, ಕಾಲೇಜು ಲ್ಯಾಬ್ ಎಲ್ಲಿ ನೋಡಿದರೂ ತಪ್ಪು ಒಂದೇ. ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ ಇಳಿಸಿಕೊಳ್ಳುತ್ತಾರೆ, ನೆಕ್ಸ್ಟ್ ಮೇಲೆ ನೆಕ್ಸ್ಟ್ ಒತ್ತುತ್ತಾರೆ, ಫಿನಿಶ್ ಬಂತೆಂದು ಕೆಲಸಕ್ಕೆ ಕೂರುತ್ತಾರೆ. ವಾರ ಕಳೆದು ನೋಡಿದರೆ ಓಡುತ್ತಿರುವುದು ಅದೇ ಹಳೆಯ, ಲೋಪವಿರುವ ಡ್ರೈವರ್. ಈಗ ಓಡುತ್ತಿರುವ ಆವೃತ್ತಿಯ ಸಂಖ್ಯೆಯನ್ನು ಕಂಪನಿಯ ಭದ್ರತಾ ಪ್ರಕಟಣೆಯ ಸಂಖ್ಯೆಯ ಪಕ್ಕದಲ್ಲಿಟ್ಟು ತಾಳೆ ನೋಡುವವರೆಗೂ ಕೆಲಸ ಮುಗಿದಿಲ್ಲ. ಕೆಳಗಿನ ಹಂತಗಳೆಲ್ಲ ಆ ತಾಳೆಗಾಗಿಯೇ ಇವೆ, ಅವುಗಳ ಕ್ರಮ ಬದಲಿಸಬೇಡಿ.

## ಲೋಪ ಎಲ್ಲಿದೆ

ಡ್ರೈವರ್‌ನಲ್ಲಿ ಮೆಮೊರಿ ಲೋಪಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು, ತನಗೆ ಕೊಟ್ಟ ಜಾಗದ ಗಡಿ ದಾಟಿ ಓದುವುದು ಅಥವಾ ಬರೆಯುವುದು. ಎರಡನೆಯದು, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಬಳಸುವುದು. ಕಲ್ಯಾಣ ಮಂಟಪದಲ್ಲಿ ಒಂದು ಮದುವೆಯವರು ಕೋಣೆ ಖಾಲಿ ಮಾಡಿದರು, ಕೀಲಿಯ ನಕಲು ಮಾತ್ರ ಅವರ ಜೇಬಿನಲ್ಲೇ ಉಳಿಯಿತು. ಮರುದಿನ ಅದೇ ಕೋಣೆಯಲ್ಲಿ ಇನ್ನೊಂದು ಮದುವೆಯವರು ಒಡವೆ ಇಟ್ಟರು. ಆ ನಕಲು ಕೀಲಿ ಕಳ್ಳನ ಕೈಗೆ ಸಿಕ್ಕರೆ ಏನಾಗುತ್ತದೋ, ಈ ಎರಡನೆಯ ಬಗೆಯ ಲೋಪದಲ್ಲೂ ಅದೇ ಆಗುತ್ತದೆ.

ಗ್ರಾಫಿಕ್ಸ್ ಡ್ರೈವರ್‌ನ ಒಂದು ಭಾಗ ಕರ್ನಲ್‌ನೊಳಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಲ್ಲಿ ಕೂತಿರುತ್ತದೆ. ಪರದೆ ಮೇಲೆ ಚಿತ್ರ ಮೂಡಿಸಬೇಕಾದ ಪ್ರತಿ ಪ್ರೋಗ್ರಾಂಗೂ ಅದರ ಜೊತೆ ಮಾತಾಡುವ ಅವಕಾಶ ಕೊಡಲೇಬೇಕು. ಹಾಗಾಗಿ ಯಾವ ಅನುಮತಿಯೂ ಇಲ್ಲದ ಒಂದು ಪುಟ್ಟ ಆಪ್ ಇಲ್ಲಿಂದಲೇ ನುಸುಳಿ ಇಡೀ ಯಂತ್ರದ ಯಜಮಾನಿಕೆ ಹಿಡಿಯಬಲ್ಲದು. ಬ್ರೌಸರ್‌ಗಳು ವೆಬ್ ಪುಟದಲ್ಲಿ ಗ್ರಾಫಿಕ್ಸ್ ಮೂಡಿಸುವ ವೆಬ್‌ಜಿಎಲ್ ಎಂಬ ವ್ಯವಸ್ಥೆಯ ಮೂಲಕ ಇದೇ ಡ್ರೈವರ್‌ಗೆ ಕೆಲಸ ಒಪ್ಪಿಸುತ್ತವೆ. ಆದ್ದರಿಂದ ಬ್ರೌಸರ್ ಅಪ್‌ಡೇಟ್ ಮೊದಲು ಮುಗಿಸಿ, ಆಮೇಲೆ ಡ್ರೈವರ್‌ಗೆ ಕೈ ಹಾಕಿ.

## ಬೇಕಾಗುವ ಸಾಮಾನು

- ಕನಿಷ್ಠ 5 ಜಿಬಿ ಖಾಲಿ ಜಾಗ. ಎನ್‌ವಿಡಿಯಾದ ವಿಂಡೋಸ್ ಡ್ರೈವರ್ ಕಡತವೇ 600ರಿಂದ 900 ಎಂಬಿ ತೂಗುತ್ತದೆ, ಬಿಚ್ಚಿಕೊಂಡಾಗ ಇನ್ನೂ ಹೆಚ್ಚು.
- ಬ್ಯಾಟರಿ ಚೆನ್ನಾಗಿರುವ ಯುಪಿಎಸ್. ಡ್ರೈವರ್ ಬದಲಾಗುವ ನಡುವೆ ಕರೆಂಟ್ ಹೋದರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿಯುತ್ತದೆ.
- ಅಡ್ಮಿನ್ ಪಾಸ್‌ವರ್ಡ್. ಡಿಸ್ಕ್ ಗೂಢಲಿಪೀಕರಣ ಆನ್ ಇದ್ದರೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ.
- ಒಂದು ನೋಟ್‌ಪುಸ್ತಕ. ಯಂತ್ರದ ಹೆಸರು, ಕಾರ್ಡ್, ಹಳೆ ಆವೃತ್ತಿ, ಬೇಕಾದ ಆವೃತ್ತಿ, ಹೊಸ ಆವೃತ್ತಿ, ದಿನಾಂಕ ಎಂದು ಆರು ಕಾಲಂ ಎಳೆದಿಡಿ.
- ಒಂದು ಯಂತ್ರಕ್ಕೆ ಸುಮಾರು 40 ನಿಮಿಷ. ಮದುವೆ ಸೀಸನ್‌ನಲ್ಲಿ, ದುಗ್ಗಮ್ಮನ ಜಾತ್ರೆಯ ಫ್ಲೆಕ್ಸ್ ಕೆಲಸ ತುಂಬಿ ತುಳುಕುವಾಗ ಎಲ್ಲ ಯಂತ್ರವನ್ನೂ ಒಟ್ಟಿಗೆ ಬಿಚ್ಚಿಕೊಂಡು ಕೂರಬೇಡಿ. ಒಂದಕ್ಕೆ ಹಾಕಿ, ಒಂದು ದಿನ ಕೆಲಸ ಮಾಡಿಸಿ ನೋಡಿ, ಆಮೇಲೆ ಉಳಿದವು.

## ಹಂತ 1: ಕಾರ್ಡ್ ಯಾವುದೆಂದು ಗುರುತಿಸಿ

ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ, ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ. ಅಲ್ಲಿ ಕಾಣುವ ಪೂರ್ತಿ ಹೆಸರನ್ನು ಬರೆದುಕೊಳ್ಳಿ. ಡಬ್ಬಿಯ ಮೇಲಿನ ಹೆಸರನ್ನೂ ಬಿಲ್‌ನಲ್ಲಿರುವ ಹೆಸರನ್ನೂ ನಂಬಬೇಡಿ.

ಲ್ಯಾಪ್‌ಟಾಪ್‌ನಲ್ಲಿ ಎರಡು ಹೆಸರು ಕಂಡರೆ ಗ್ರಾಫಿಕ್ಸ್ ಚಿಪ್ ಎರಡಿವೆ. ಸಾಮಾನ್ಯವಾಗಿ ಒಂದು ಇಂಟೆಲ್ ಅಥವಾ ಎಎಂಡಿ, ಇನ್ನೊಂದು ಎನ್‌ವಿಡಿಯಾ. ಎರಡಕ್ಕೂ ಬೇರೆ ಬೇರೆ ಡ್ರೈವರ್, ಬೇರೆ ಬೇರೆ ಲೋಪ. ಎನ್‌ವಿಡಿಯಾದ್ದು ಮಾತ್ರ ಸರಿಪಡಿಸಿ ಇಂಟೆಲ್‌ನದನ್ನು ಮರೆಯುವವರೇ ಹೆಚ್ಚು.

## ಹಂತ 2: ಈಗ ಓಡುತ್ತಿರುವ ಆವೃತ್ತಿ ಓದಿ

ಹೆಚ್ಚಿನವರು ಮೊದಲು ಎಡವುವುದು ಇಲ್ಲಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು ಡ್ರೈವರ್ ಟ್ಯಾಬ್ ನೋಡಿದರೆ 32.0.15.6603 ಎಂಬಂಥ ಉದ್ದ ಸಂಖ್ಯೆ ಕಾಣುತ್ತದೆ. ಎನ್‌ವಿಡಿಯಾದ ಪ್ರಕಟಣೆಯಲ್ಲಿ ಇರುವುದು 566.03ರಂಥ ಸಂಖ್ಯೆ. ಎರಡೂ ಒಂದೇ ಎಂದು ತಿಳಿಯದೆ ಹೊಸ ಡ್ರೈವರನ್ನೇ ತೆಗೆದುಹಾಕುವವರಿದ್ದಾರೆ, ಹಳೆಯದನ್ನು ಹೊಸದೆಂದು ಬಿಡುವವರೂ ಇದ್ದಾರೆ.

ಲೆಕ್ಕ ಸುಲಭ. ಚುಕ್ಕಿಗಳನ್ನು ಬಿಟ್ಟು ಕೊನೆಯ ಐದು ಅಂಕಿ ತೆಗೆದುಕೊಳ್ಳಿ: 5, 6, 6, 0, 3. ಮೂರು ಅಂಕಿ ಆದಮೇಲೆ ಚುಕ್ಕಿ ಇಡಿ: 566.03.

ಇಂಟೆಲ್‌ನಲ್ಲಿ ಈ ಮಾರ್ಪಾಡು ಬೇಡ, ಡಿವೈಸ್ ಮ್ಯಾನೇಜರ್‌ನ ಸಂಖ್ಯೆಯನ್ನೇ ತಾಳೆ ನೋಡಬಹುದು. ಎಎಂಡಿಯಲ್ಲಿ ಅಡ್ರಿನಾಲಿನ್ ತಂತ್ರಾಂಶ ತೆರೆದು, ಸಿಸ್ಟಂ ಪುಟದಲ್ಲಿರುವ ಅಡ್ರಿನಾಲಿನ್ ಆವೃತ್ತಿ ಬರೆದುಕೊಳ್ಳಿ. ಎಎಂಡಿಯ ಪ್ರಕಟಣೆಗಳು ಆ ಸಂಖ್ಯೆಯಲ್ಲೇ ಮಾತಾಡುತ್ತವೆ.

ಲಿನಕ್ಸ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಆಜ್ಞೆ ಕೊಟ್ಟಾಗ ಮೇಲಿನ ಸಾಲಿನಲ್ಲಿ ಡ್ರೈವರ್ ವರ್ಷನ್, ಕುಡಾ ವರ್ಷನ್ ಎಂದು ಎರಡು ಕಾಣುತ್ತವೆ. ಬೇಕಾದ್ದು ಮೊದಲನೆಯದು. ಕುಡಾ ಎಂದರೆ ಕಾರ್ಡಿನಿಂದ ಲೆಕ್ಕಾಚಾರ ಮಾಡಿಸುವ ಎನ್‌ವಿಡಿಯಾದ ವ್ಯವಸ್ಥೆ. ಅದರ ಸಂಖ್ಯೆ ಆ ಡ್ರೈವರ್ ಯಾವ ಕುಡಾ ಆವೃತ್ತಿಯವರೆಗೆ ಬೆಂಬಲಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಭದ್ರತೆಗೂ ಅದಕ್ಕೂ ಸಂಬಂಧವಿಲ್ಲ.

## ಹಂತ 3: ನಿಮ್ಮ ಶಾಖೆಯ ಸರಿಯಾದ ಸಂಖ್ಯೆ ಹುಡುಕಿ

‘ದೊಡ್ಡ ಸಂಖ್ಯೆ ಇದ್ದರೆ ಸುರಕ್ಷಿತ’ ಎಂಬ ನಂಬಿಕೆ ತಪ್ಪು. ಡ್ರೈವರ್‌ಗಳು ಶಾಖೆಗಳಲ್ಲಿ, ಅಂದರೆ ಒಟ್ಟೊಟ್ಟಿಗೆ ನಡೆಯುವ ಬೇರೆ ಬೇರೆ ಆವೃತ್ತಿ ಸರಣಿಗಳಲ್ಲಿ ಬರುತ್ತವೆ. ಪ್ರತಿ ಶಾಖೆಗೂ ತೇಪೆ, ಅಂದರೆ ಲೋಪ ಮುಚ್ಚುವ ಪ್ಯಾಚ್ ಬೇರೆ.

2024ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಸಿವಿಇ-2024-0126 ನೋಡಿ (ಸಿವಿಇ ಎಂದರೆ ಪ್ರತಿ ಭದ್ರತಾ ಲೋಪಕ್ಕೂ ಕೊಡುವ ಗುರುತಿನ ಸಂಖ್ಯೆ). ಲಿನಕ್ಸ್‌ನಲ್ಲಿ 565 ಶಾಖೆಗೆ 565.57.01, 550 ಶಾಖೆಗೆ 550.127.05, 535 ಶಾಖೆಗೆ 535.216.01 ತೇಪೆ ಹಾಕಿದ ಆವೃತ್ತಿಗಳು. ಒಂದು ಲ್ಯಾಬ್‌ನಲ್ಲಿ 550.120 ಇದೆ, ಪಕ್ಕದ ಲ್ಯಾಬ್‌ನಲ್ಲಿ 535.216.01 ಇದೆ ಎನ್ನಿ. ಸಂಖ್ಯೆ ಚಿಕ್ಕದಾದರೂ ತೇಪೆ ಬಿದ್ದಿರುವುದು ಎರಡನೆಯದಕ್ಕೆ. ಅದೇ ಪ್ರಕಟಣೆಯಲ್ಲಿ ವಿಂಡೋಸ್‌ಗೆ ಸಿವಿಇ-2024-0117ರಿಂದ 0121ರವರೆಗೆ ಐದು ಲೋಪಗಳಿದ್ದವು. ಸಾಮಾನ್ಯ ಬಳಕೆದಾರನೇ ಗಡಿ ದಾಟಿ ಮೆಮೊರಿ ಓದುವಂತೆ ಮಾಡಬಹುದಾದ ಲೋಪಗಳವು. ಜಿಫೋರ್ಸ್ ಕಾರ್ಡ್‌ಗಳಿಗೆ 566.03ರಲ್ಲಿ ಮುಚ್ಚಿದರು.

ಇವು ತಾಳೆ ನೋಡುವ ರೀತಿ ತೋರಿಸಲು ಕೊಟ್ಟ ಸಂಖ್ಯೆಗಳು. ಅದಾದ ಮೇಲೆ ಬೇರೆ ಪ್ರಕಟಣೆಗಳೂ ಬಂದಿವೆ. ಕಂಪನಿಯ ಜಾಲತಾಣದ ಉತ್ಪನ್ನ ಭದ್ರತಾ ಪುಟದಲ್ಲಿ ಎಲ್ಲಕ್ಕಿಂತ ಹೊಸ ಪ್ರಕಟಣೆ ತೆರೆದು, ಆಪರೇಟಿಂಗ್ ಸಿಸ್ಟಂ, ಕಾರ್ಡಿನ ಕುಟುಂಬ, ಶಾಖೆ ಈ ಮೂರೂ ಹೊಂದುವ ಸಾಲು ಹುಡುಕಿ, ಅದರ ಸಂಖ್ಯೆಯನ್ನು ನೋಟ್‌ಪುಸ್ತಕದ ನಾಲ್ಕನೇ ಕಾಲಂಗೆ ಬರೆಯಿರಿ.

ಎನ್‌ವಿಡಿಯಾದ ಎರಡು ಬಗೆಯ ಡ್ರೈವರ್‌ಗಳಲ್ಲಿ ಗೇಮ್ ರೆಡಿ ಹಾಕಬೇಕೋ ಸ್ಟುಡಿಯೊ ಹಾಕಬೇಕೋ ಎಂಬ ಪ್ರಶ್ನೆ ಆಲ್ಬಂ ಡಿಸೈನರ್‌ಗಳಿಂದ ಸದಾ ಬರುತ್ತದೆ. ಭದ್ರತೆಯ ಮಟ್ಟಿಗೆ ಎರಡಕ್ಕೂ ತೇಪೆ ಬರುತ್ತದೆ. ಫೋಟೊಶಾಪ್, ಪ್ರೀಮಿಯರ್ ಬಳಸುವವರಿಗೆ ಸ್ಟುಡಿಯೊ ಒಳ್ಳೆಯದು, ಅದರ ಸಂಖ್ಯೆ ಪ್ರಕಟಣೆಯಲ್ಲಿ ಅದೇ ಶಾಖೆಗೆ ಕೊಟ್ಟಿರುವುದಕ್ಕೆ ಸಮ ಅಥವಾ ಹೆಚ್ಚಿದ್ದರೆ ಸಾಕು.

## ಹಂತ 4: ಇಳಿಸಿಕೊಳ್ಳಿ, ಸಹಿ ನೋಡಿ

ಡ್ರೈವರ್ ತಯಾರಕರ ಜಾಲತಾಣದಿಂದ ಮಾತ್ರ ಬರಬೇಕು. ಹುಡುಕಾಟದ ಪುಟದಲ್ಲಿ ಮೇಲೆ ಬರುವ ‘ಡ್ರೈವರ್ ಅಪ್‌ಡೇಟರ್’ ಜಾಹೀರಾತು, ವಾಟ್ಸ್‌ಆಪ್ ಗುಂಪಿನ ಕಡತ, ರಿಪೇರಿಯವರ ಪೆನ್‌ಡ್ರೈವ್ ಮೂರೂ ಬೇಡ. ರಿಪೇರಿಯವರಲ್ಲಿ ದುರುದ್ದೇಶ ಇಲ್ಲದಿದ್ದರೂ ಆ ಪೆನ್‌ಡ್ರೈವ್‌ನಲ್ಲಿರುವುದು ಸಾಮಾನ್ಯವಾಗಿ ಎರಡು ವರ್ಷ ಹಳೆಯ ಡ್ರೈವರ್.

ಇಳಿದ ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ಟ್ಯಾಬ್ ನೋಡಿ. ತಯಾರಕರ ಹೆಸರಿರಬೇಕು, ಡೀಟೇಲ್ಸ್ ಒತ್ತಿದಾಗ ಸಹಿ ಸರಿಯಿದೆ ಎಂದು ಬರಬೇಕು. ಆ ಟ್ಯಾಬೇ ಇಲ್ಲದಿದ್ದರೆ ಕಡತವನ್ನು ಅಳಿಸಿಬಿಡಿ.

## ಹಂತ 5: ಹಾಕುವ ಮುನ್ನ ನಾಲ್ಕು ಎಚ್ಚರಿಕೆ

ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಸರ್ಚ್‌ನಲ್ಲಿ ಅದೇ ಹೆಸರು ಟೈಪ್ ಮಾಡಿದರೆ ಸಿಗುತ್ತದೆ, ಎರಡು ನಿಮಿಷದ ಕೆಲಸ.

ಮಾನಿಟರ್‌ಗೆ ಕಲರ್ ಕ್ಯಾಲಿಬ್ರೇಶನ್ ಮಾಡಿಸಿದ್ದರೆ ಆ ಪ್ರೊಫೈಲ್ ಕಡತವನ್ನು ಬೇರೆಡೆ ನಕಲು ಮಾಡಿಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಬಣ್ಣದ ಹೊಂದಾಣಿಕೆ ಬದಲಿಸಿದ್ದರೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಕ್ಲೀನ್ ಇನ್‌ಸ್ಟಾಲ್ ಆ ಹೊಂದಾಣಿಕೆಗಳನ್ನೆಲ್ಲ ಮೊದಲಿನ ಸ್ಥಿತಿಗೆ ತರುತ್ತದೆ. ಇದನ್ನು ಮರೆತು ಮರುದಿನ ಆಲ್ಬಂ ಪ್ರಿಂಟ್‌ಗೆ ಕಳಿಸಿದರೆ ಮದುಮಗಳ ಸೀರೆಯ ಬಣ್ಣ ಬೇರೆಯೇ ಆಗಿ ಬರುತ್ತದೆ.

ಡಿಸ್ಕ್ ಗೂಢಲಿಪೀಕರಣ ಇದೆಯೇ ನೋಡಿ. ವಿಂಡೋಸ್ 11 ಹೋಂನಲ್ಲೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಸೇಫ್ ಮೋಡ್‌ಗೆ (ಅತ್ಯಗತ್ಯ ಭಾಗಗಳಷ್ಟೇ ಓಡುವ ವಿಂಡೋಸ್ ಸ್ಥಿತಿ) ಹೋಗುವಾಗ ರಿಕವರಿ ಕೀ ಕೇಳಬಹುದು. ಕೀ ಇಲ್ಲದೆ ಸಿಕ್ಕಿಕೊಂಡರೆ ಡ್ರೈವರ್ ಮಾತು ಹಾಗಿರಲಿ, ಫೋಟೊಗಳೇ ಕೈತಪ್ಪುತ್ತವೆ.

ನಾಲ್ಕನೆಯದು ಲ್ಯಾಬ್ ಮತ್ತು ಸೈಬರ್ ಸೆಂಟರ್‌ಗಳಿಗೆ. ಪ್ರತಿ ಬಾರಿ ಯಂತ್ರ ಆನ್ ಆದಾಗ ಹಳೆಯ ಸ್ಥಿತಿಗೆ ಮರಳಿಸುವ ಡೀಪ್ ಫ್ರೀಜ್‌ನಂಥ ತಂತ್ರಾಂಶ ಇದ್ದರೆ, ಮೊದಲು ಅದನ್ನು ಥಾ ಮಾಡಿ, ಅಂದರೆ ಬದಲಾವಣೆ ಉಳಿಯುವಂತೆ ಸಡಿಲಿಸಿ, ರೀಸ್ಟಾರ್ಟ್ ಮಾಡಿ. ಇಲ್ಲವಾದರೆ ಮೂವತ್ತು ಯಂತ್ರಕ್ಕೆ ದಿನವಿಡೀ ಕೂತು ಹಾಕಿದ ಡ್ರೈವರ್ ಮರುದಿನ ಬೆಳಿಗ್ಗೆ ಮಾಯ. ತಾಳೆ ಮುಗಿದ ಮೇಲಷ್ಟೇ ಮತ್ತೆ ಫ್ರೀಜ್ ಮಾಡಿ. ಒಂದು ಯಂತ್ರದ ಪೂರ್ತಿ ನಕಲನ್ನು (ಇಮೇಜ್) ಉಳಿದವಕ್ಕೆ ಹಂಚುವ ಪದ್ಧತಿ ಇದ್ದರೆ ಮೂಲ ಇಮೇಜ್‌ಗೂ ಹೊಸ ಡ್ರೈವರ್ ಸೇರಿಸಿ.

## ಹಂತ 6: ಹಾಕಿ

ಎಲ್ಲ ಪ್ರೋಗ್ರಾಂ ಮುಚ್ಚಿ. ಫ್ಲೆಕ್ಸ್ ಪ್ರಿಂಟರ್‌ಗೆ ಕಡತ ಸಿದ್ಧಪಡಿಸುವ ರಿಪ್ ತಂತ್ರಾಂಶದ ಸಾಲಿನಲ್ಲಿ ಕೆಲಸ ಬಾಕಿ ಇದ್ದರೆ ಮುಗಿಯಲು ಬಿಡಿ. ಇಂಟರ್‌ನೆಟ್ ಕೇಬಲ್ ಕಿತ್ತಿಡಿ, ವೈಫೈ ಆಫ್ ಮಾಡಿ. ಹಳೆಯ ಡ್ರೈವರ್ ಹೋಗಿ ಹೊಸದು ಬರುವ ನಡುವಿನ ಹೊತ್ತಿನಲ್ಲಿ ವಿಂಡೋಸ್ ಅಪ್‌ಡೇಟ್ ತನ್ನ ಬಳಿಯ ಹಳೆಯ ಪ್ರತಿಯನ್ನು ತಂದು ಕೂರಿಸಬಾರದು, ಅದಕ್ಕೆ.

ಎನ್‌ವಿಡಿಯಾದಲ್ಲಿ ಎಕ್ಸ್‌ಪ್ರೆಸ್ ಬಿಟ್ಟು ಕಸ್ಟಮ್ ಆರಿಸಿ, ‘ಪರ್ಫಾರ್ಮ್ ಎ ಕ್ಲೀನ್ ಇನ್‌ಸ್ಟಲೇಶನ್’ ಗುರುತು ಹಾಕಿ. ನಡುವೆ ಪರದೆ ಹಲವು ಸೆಕೆಂಡು ಕಪ್ಪಾಗುತ್ತದೆ, ಒಂದೆರಡು ಬಾರಿ ಮಿನುಗುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ, ಐದು ನಿಮಿಷ ಕಾಯಿರಿ.

ಹೀಗೆ ಹಾಕಿದರೂ ಹಳೆಯ ಸಂಖ್ಯೆಯೇ ಕಾಣುತ್ತಿದ್ದರೆ ಅಥವಾ ಇನ್‌ಸ್ಟಾಲರ್ ವಿಫಲವಾದರೆ ಮಾತ್ರ, ಹಳೆಯ ಡ್ರೈವರ್‌ನ ಉಳಿಕೆಗಳನ್ನೂ ಅಳಿಸುವ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಪ್ರತ್ಯೇಕ ತಂತ್ರಾಂಶ ಬಳಸಿ. ಸೇಫ್ ಮೋಡ್‌ನಲ್ಲಿ, ನೆಟ್ ಇಲ್ಲದೆ, ಹಳೆಯದನ್ನು ಪೂರ್ತಿ ತೆಗೆದು, ರೀಸ್ಟಾರ್ಟ್ ಆದಮೇಲೆ ಹೊಸದನ್ನು ಹಾಕಿ. ಪ್ರತಿ ಅಪ್‌ಡೇಟ್‌ಗೂ ಇದನ್ನು ಬಳಸುವ ಅಭ್ಯಾಸ ಬೇಡ.

## ಹಂತ 7: ರೀಸ್ಟಾರ್ಟ್, ಮತ್ತೆ ತಾಳೆ

ರೀಸ್ಟಾರ್ಟ್ ಎಂದರೆ ರೀಸ್ಟಾರ್ಟ್ ಬಟನ್ನೇ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡುವುದು ಇದಕ್ಕೆ ಸಮವಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಕರ್ನಲ್ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಡಿಸ್ಕ್‌ಗೆ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಕರ್ನಲ್‌ನೊಳಗಿನ ಡ್ರೈವರ್ ಬದಲಾಗಬೇಕಾದರೆ ಕರ್ನಲ್ ಹೊಸದಾಗಿ ಏಳಬೇಕು.

ರೀಸ್ಟಾರ್ಟ್ ಆದಮೇಲೆ ಹಂತ 2ಕ್ಕೆ ಮರಳಿ ಸಂಖ್ಯೆ ಓದಿ, ನಾಲ್ಕನೇ ಕಾಲಂ ಜೊತೆ ತಾಳೆ ನೋಡಿ. ಈಗ ನೆಟ್ ಜೋಡಿಸಿ, ವಿಂಡೋಸ್ ಅಪ್‌ಡೇಟ್ ಓಡಿಸಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಓದಿ. ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರ ಹಳೆಯ ಡ್ರೈವರ್ ಹೊಸದರ ಮೇಲೆ ಬಂದು ಕೂರುವುದು ಇದೇ ಹೊತ್ತಿನಲ್ಲಿ. ಹಾಗಾದರೆ ಸಿಸ್ಟಂ ಪ್ರಾಪರ್ಟೀಸ್‌ನ ಹಾರ್ಡ್‌ವೇರ್ ಟ್ಯಾಬ್‌ನಲ್ಲಿ ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್ ತೆರೆದು ‘ನೋ’ ಆರಿಸಿ, ಹಂತ 6 ಮತ್ತೆ ಮಾಡಿ. ಅಲ್ಲಿಂದ ಮುಂದೆ ಬೇರೆ ಡ್ರೈವರ್‌ಗಳ ಜವಾಬ್ದಾರಿಯೂ ನಿಮ್ಮದೇ ಎಂಬುದು ನೆನಪಿರಲಿ.

ಮೂರು ದಿನದ ನಂತರ ಕೊನೆಯ ಬಾರಿ ಸಂಖ್ಯೆ ನೋಡಿ, ಆಗ ದಿನಾಂಕ ಬರೆಯಿರಿ.

## ಲಿನಕ್ಸ್ ಲ್ಯಾಬ್‌ಗಳಲ್ಲಿ

ಯುಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ಮೂಲಕ ಅಥವಾ ಪ್ಯಾಕೇಜ್ ಮೂಲಕ ಹಾಕಿ. ಎನ್‌ವಿಡಿಯಾ ತಾಣದ ರನ್ ಕಡತವನ್ನು ಅದರ ಮೇಲೆ ಹಾಕಬೇಡಿ. ಎರಡೂ ಒಂದರ ಕಡತವನ್ನು ಇನ್ನೊಂದು ತುಳಿಯುತ್ತವೆ, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಪರದೆಯೇ ಬಾರದೆ ಹೋಗಬಹುದು.

‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂಬ ದೋಷ ಬಂದರೆ ಏನೂ ಹಾಳಾಗಿಲ್ಲ. ಡಿಸ್ಕ್‌ನಲ್ಲಿ ಹೊಸ ಲೈಬ್ರರಿ ಬಂದಿದೆ, ಮೆಮೊರಿಯಲ್ಲಿ ಹಳೆಯ ಕರ್ನಲ್ ಮಾಡ್ಯೂಲ್ ಓಡುತ್ತಿದೆ. ರೀಬೂಟ್ ಮಾಡುವವರೆಗೂ ಲೋಪ ತೆರೆದೇ ಇರುತ್ತದೆ. ತಿಂಗಳುಗಟ್ಟಲೆ ಆಫ್ ಆಗದ ಸರ್ವರ್‌ಗಳಲ್ಲಿ ಇದು ಬಹಳ ಸಾಮಾನ್ಯ.

ಸಹಿಯಿಲ್ಲದ ತಂತ್ರಾಂಶ ಯಂತ್ರ ಏಳುವಾಗ ಓಡದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಕೀ ನೋಂದಣಿ ಕೇಳಬಹುದು. ಅಲ್ಲಿ ‘ಎನ್‌ರೋಲ್ ಮೋಕ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಸಮಯ ಮೀರಿ ಆ ಪರದೆ ಹೋಗಿಬಿಟ್ಟರೆ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಇದಕ್ಕಾಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡುವವರಿದ್ದಾರೆ. ಒಂದು ಬಾಗಿಲು ಮುಚ್ಚಲು ಹೋಗಿ ಇನ್ನೊಂದನ್ನು ತೆರೆದಂತೆ ಅದು.

## ಫೋನ್‌ಗಳಲ್ಲಿ

ಫೋನ್‌ನ ಗ್ರಾಫಿಕ್ಸ್ ಡ್ರೈವರ್ ಲೋಪಗಳ ಬಗ್ಗೆ ಇನ್ನೂ ಹೆಚ್ಚು ಕಾಳಜಿ ಬೇಕು, ಏಕೆಂದರೆ ಅವು ನಿಜವಾದ ದಾಳಿಗಳಲ್ಲಿ ಬಳಕೆಯಾಗಿವೆ. ಆರ್ಮ್ ಕಂಪನಿಯ ಮಾಲಿ ಚಿಪ್‌ಗಳ ಸಿವಿಇ-2023-4211, ಸಿವಿಇ-2024-4610 ಎರಡೂ ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಬಳಸುವ ಬಗೆಯವು. ಎರಡನೆಯದಕ್ಕೆ ತೇಪೆ ಇದ್ದ ಆರ್41ಪಿ0 ಡ್ರೈವರ್ 2022ರ ನವೆಂಬರ್‌ನಲ್ಲೇ ಬಂದಿತ್ತು. ಲೋಪದ ದುರ್ಬಳಕೆಯಾಗುತ್ತಿದೆ ಎಂಬ ಪ್ರಕಟಣೆ ಹೊರಬಿದ್ದದ್ದು 2024ರ ಜೂನ್‌ನಲ್ಲಿ. ಕ್ವಾಲ್‌ಕಾಮ್‌ನ ಅಡ್ರಿನೊ ಡ್ರೈವರ್‌ನಲ್ಲಿ 2025ರಲ್ಲಿ ಹೊರಬಂದ ಸಿವಿಇ-2025-27038 ಕ್ರೋಮ್‌ನಲ್ಲಿ ಚಿತ್ರ ಮೂಡಿಸುವಾಗಲೇ ಆಗುವಂಥದ್ದು.

ಫೋನ್‌ನಲ್ಲಿ ಡ್ರೈವರನ್ನು ಕೈಯಾರೆ ಬದಲಿಸಲಾಗದು, ತಯಾರಕರ ಸಿಸ್ಟಂ ಅಪ್‌ಡೇಟ್‌ನಲ್ಲೇ ಬರಬೇಕು. ಸೆಟ್ಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಆಂಡ್ರಾಯ್ಡ್ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ. ತಿಂಗಳಿನಷ್ಟೇ ತಾರೀಖೂ ಮುಖ್ಯ. 1ನೇ ತಾರೀಖಿನ ಮಟ್ಟದಲ್ಲಿ ಆಂಡ್ರಾಯ್ಡ್‌ನ ಸ್ವಂತ ಭಾಗಗಳ ತೇಪೆ ಇರುತ್ತದೆ. ಮಾಲಿ, ಅಡ್ರಿನೊದಂಥ ಚಿಪ್ ತಯಾರಕರ ತೇಪೆಗಳು 5ನೇ ತಾರೀಖಿನ ಮಟ್ಟದಲ್ಲಿ ಸೇರುತ್ತವೆ. 1 ಎಂದು ಕಂಡರೆ ಆ ತಿಂಗಳ ಗ್ರಾಫಿಕ್ಸ್ ತೇಪೆ ಬಂದಿದೆ ಎಂದು ಭಾವಿಸುವಂತಿಲ್ಲ. ಅದರ ಕೆಳಗೆ ಕಾಣುವ ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್ ದಿನಾಂಕ ಬೇರೆಯದು, ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್ ಅದರಲ್ಲಿ ಬರುವುದಿಲ್ಲ.

ಅಪ್‌ಡೇಟ್ ನಿಂತುಹೋದ ಫೋನ್‌ನಲ್ಲಿ ಅಂಗಡಿಯ ಯುಪಿಐ, ಬ್ಯಾಂಕ್ ಆಪ್ ಇಡಬೇಡಿ. ಪ್ಲೇ ಸ್ಟೋರ್‌ನ ಹೊರಗಿನಿಂದ ಬರುವ ಎಪಿಕೆ ಕಡತ, ಅದು ಲಗ್ನಪತ್ರಿಕೆಯ ವೇಷದಲ್ಲಿ ಬಂದರೂ, ತೆರೆಯಲೇಬೇಡಿ.

## ತೇಪೆಯೇ ಬರದ ಹಳೆಯ ಕಾರ್ಡ್‌ಗಳು

ನಮ್ಮ ಕಡೆಯ ಡಿಟಿಪಿ ಯಂತ್ರಗಳಲ್ಲಿ ಜಿಟಿ 710, ಜಿಟಿ 730 ಇನ್ನೂ ಕಾಣುತ್ತವೆ. ಜಿಟಿ 710 ಕೆಪ್ಲರ್ ಪೀಳಿಗೆಯದು. ಆ ಪೀಳಿಗೆಯ ಭದ್ರತಾ ಅಪ್‌ಡೇಟ್‌ಗಳಿಗೆ ಎನ್‌ವಿಡಿಯಾ ಹಾಕಿದ್ದ ಗಡುವು 2024ರ ಸೆಪ್ಟೆಂಬರ್. ಜಿಟಿ 730ರಲ್ಲಿ ಕೆಲವು ಕೆಪ್ಲರ್, ಕೆಲವು ಅದಕ್ಕೂ ಹಿಂದಿನ ಫರ್ಮಿ. ಜಿಟಿಎಕ್ಸ್ 900 ಮತ್ತು 1000 ಸರಣಿ, ಜಿಟಿ 1030 ಇವಕ್ಕೆ 580 ಶಾಖೆಯೇ ಕೊನೆಯದು, ಮೂರು ತಿಂಗಳಿಗೊಮ್ಮೆ ಭದ್ರತಾ ತೇಪೆ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಈ ಕಾರ್ಡಿಗೆ ಹೊಸ ಶಾಖೆಯ ಡ್ರೈವರ್ ಹಾಕಲು ಹೋದರೆ ಹೊಂದುವ ಕಾರ್ಡ್ ಇಲ್ಲ ಎಂದು ನಿಲ್ಲುತ್ತದೆ, ಅದು ಇನ್‌ಸ್ಟಾಲರ್‌ನ ದೋಷವಲ್ಲ.

ಜಿಟಿ 710 ಇರುವವರು ಮೊದಲು ಪ್ರೊಸೆಸರ್ ಹೆಸರು ನೋಡಿ. ಇಂಟೆಲ್‌ನದಾಗಿದ್ದು ಹೆಸರಿನ ಕೊನೆಗೆ ಎಫ್ ಅಕ್ಷರ ಇಲ್ಲದಿದ್ದರೆ, ಸಾಮಾನ್ಯವಾಗಿ ಅದರಲ್ಲೇ ಗ್ರಾಫಿಕ್ಸ್ ಇರುತ್ತದೆ. ಅದಕ್ಕೆ ಇನ್ನೂ ತೇಪೆ ಬರುತ್ತಿದ್ದರೆ ಹಳೆಯ ಕಾರ್ಡ್ ಕಿತ್ತು, ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನ ಕಿಂಡಿಗೆ ಹಾಕಿದರೆ ಆಯಿತು. ಪುಟ ವಿನ್ಯಾಸಕ್ಕೆ ಅಷ್ಟು ಸಾಕು.

ಅದೂ ಆಗದಿದ್ದರೆ ಯಂತ್ರವನ್ನು ನೆಟ್‌ನಿಂದ ಬೇರ್ಪಡಿಸಿ. ಪ್ರಿಂಟರ್ ನಡೆಸುವ ಯಂತ್ರದಲ್ಲಿ ಬ್ರೌಸರ್, ಇಮೇಲ್, ವಾಟ್ಸ್‌ಆಪ್ ವೆಬ್ ಯಾವುದೂ ಬೇಡ. ಗಿರಾಕಿಯ ಪೆನ್‌ಡ್ರೈವ್ ತೇಪೆ ಹಾಕಿದ ಯಂತ್ರಕ್ಕೆ ಮಾತ್ರ ಚುಚ್ಚಿ, ಅಲ್ಲಿಂದ ಒಳಜಾಲದ ಮೂಲಕ ಪ್ರಿಂಟ್ ಕಡತವಷ್ಟೇ ಹೋಗಲಿ. ದಿನದ ಕೆಲಸ ಅಡ್ಮಿನ್ ಅಲ್ಲದ ಖಾತೆಯಲ್ಲಿ ನಡೆಯಲಿ. ಬ್ರೌಸರ್ ಬಳಸಲೇಬೇಕಾದರೆ ಅದರ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ. ಆಗ ವೆಬ್ ಪುಟದಿಂದ ಬರುವ ದಾರಿ ಕಿರಿದಾಗುತ್ತದೆ, ಬೇರೆ ಪ್ರೋಗ್ರಾಂಗಳ ದಾರಿ ಹಾಗೆಯೇ ಇರುತ್ತದೆ.

## ಎಚ್ಚರಿಕೆಯ ಚಿಹ್ನೆಗಳು

ಡಿವೈಸ್ ಮ್ಯಾನೇಜರ್‌ನಲ್ಲಿ ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದು ಕಂಡರೆ ನಿಮ್ಮ ಡ್ರೈವರ್ ಕೂತಿಲ್ಲ. ಹಳದಿ ತ್ರಿಕೋನ, ಕೋಡ್ 43 ಬಂದರೆ ಸ್ವಚ್ಛವಾಗಿ ತೆಗೆದು ಮತ್ತೆ ಹಾಕಿ, ಆಮೇಲೂ ಬಂದರೆ ಕಾರ್ಡನ್ನೇ ಪರೀಕ್ಷಿಸಿ.

ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ದಾಖಲೆ ಇದ್ದರೆ ಡ್ರೈವರ್ ನಿಂತು ಮತ್ತೆ ಎದ್ದಿದೆ ಎಂದರ್ಥ. ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಹೀಗೆ ಮಾಡುತ್ತದೆ. ಕಾರಣ ಬಿಸಿ, ಧೂಳು, ದುರ್ಬಲ ಎಸ್‌ಎಂಪಿಎಸ್ ಯಾವುದೂ ಇರಬಹುದು. ಪರದೆ ಕಪ್ಪಾದ ಮಾತ್ರಕ್ಕೆ ದಾಳಿ ಎನ್ನಬೇಡಿ. ಯಶಸ್ವಿಯಾದ ದಾಳಿ ಸಾಮಾನ್ಯವಾಗಿ ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ.

ಗಂಭೀರವಾಗಿ ನೋಡಬೇಕಾದವು ಬೇರೆ: ನೀವು ಮಾಡದ ಹೊಸ ಅಡ್ಮಿನ್ ಖಾತೆ, ತಾನಾಗಿ ಆಫ್ ಆದ ಆಂಟಿವೈರಸ್, ಯಂತ್ರ ಸುಮ್ಮನಿದ್ದಾಗಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಬಳಕೆ 90 ಶೇಕಡಾ ದಾಟಿರುವುದು. ಇಂಥದ್ದು ಕಂಡರೆ ನೆಟ್ ಕೇಬಲ್ ಕೀಳಿ, ಯಂತ್ರವನ್ನು ಫಾರ್ಮ್ಯಾಟ್ ಮಾಡಲು ಧಾವಿಸಬೇಡಿ, ಸುಳಿವೆಲ್ಲ ಅದರಲ್ಲೇ ಇದೆ. ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಯಂತ್ರದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಂತರ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ನೋಟ್‌ಪುಸ್ತಕದ ಆ ಪುಟವನ್ನೂ ತೆಗೆದುಕೊಂಡು ಹೋಗಿ. ಯಾವ ದಿನ ಯಾವ ಆವೃತ್ತಿ ಓಡುತ್ತಿತ್ತು ಎಂದು ಅವರು ಕೇಳಿದರೆ ಉತ್ತರ ಅದರಲ್ಲಿರುತ್ತದೆ.